ಸಣ್ಣ ತಳಿಯ ನಾಯಿಗಳಲ್ಲಿ ಔಷಧದ ಪ್ರತಿಕೂಲ ಪ್ರತಿಕ್ರಿಯೆ: ವರದಿಯನ್ನು ಓದುವ ಮತ್ತು ಬರೆಯುವ ಬಗೆ

ರಾಯಚೂರಿನ ಪಶು ಚಿಕಿತ್ಸಾಲಯವೊಂದರಲ್ಲಿ ತರಬೇತಿಯಲ್ಲಿದ್ದಾಗ, ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ, ಮಾನ್ವಿ ಕಡೆಯ ಕುರಿ ಸಾಕಣೆದಾರರೊಬ್ಬರು ಬಿಳಿ ಕೂದಲಿನ ಪುಟ್ಟ ನಾಯಿಯೊಂದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದರು. "ನಿನ್ನೆ ಕುರಿಗೆ ಮಾಡೋ ಇಂಜೆಕ್ಷನ್ನ ಉಣ್ಣಿ ಹೋಗ್ಲಿ ಅಂತ ಇದಕ್ಕೂ ಒಂದೀಟು ಮಾಡಿದ್ನಿರಿ ಸರ್, ರಾತ್ರಿಯಿಂದ ನಿಲ್ಲಾಕ ಬರವಲ್ದು" ಎಂದರು. ನಾಯಿಯ ಕಣ್ಣಿನ ಪಾಪೆಗಳು ಹಿಗ್ಗಿದ್ದವು, ಬಾಯಿಯಿಂದ ಜೊಲ್ಲು ಸುರಿಯುತ್ತಿತ್ತು, ಹಿಂಗಾಲುಗಳು ತಡವರಿಸುತ್ತಿದ್ದವು. ಚಿಕಿತ್ಸೆ ಮುಗಿದ ಮೇಲೆ ದಾಖಲಾತಿ ಪುಸ್ತಕದಲ್ಲಿ ನಾನು ಬರೆದದ್ದು ಒಂದೇ ಸಾಲು: "ಪಮೇರಿಯನ್, ಐವರ್‌ಮೆಕ್ಟಿನ್ ರಿಯಾಕ್ಷನ್." ಆ ಸಾಲಿನಲ್ಲಿ ಏನೇನು ಇಲ್ಲ ಎಂಬುದನ್ನು ಅರಿಯಲು ನನಗೆ ಒಂದು ಸೆಮಿಸ್ಟರ್ ಬೇಕಾಯಿತು. ಈ ಟಿಪ್ಪಣಿ ಅದರ ಕುರಿತಾಗಿಯೇ ಇದೆ.

ಮೊದಲಿಗೆ ಲೆಕ್ಕವನ್ನು ನೋಡೋಣ. ಕುರಿ ಮತ್ತು ದನಗಳಿಗೆ ಮಾರುವ ಐವರ್‌ಮೆಕ್ಟಿನ್ ಚುಚ್ಚುಮದ್ದು ಸಾಮಾನ್ಯವಾಗಿ ಶೇ. 1ರ ದ್ರಾವಣ, ಅಂದರೆ 1 ಮಿ.ಲೀ.ಯಲ್ಲಿ 10 ಮಿ.ಗ್ರಾಂ. ಕುರಿಗೆ ಪ್ರತಿ ಕಿಲೋಗೆ 0.2 ಮಿ.ಗ್ರಾಂ ಪ್ರಮಾಣವಿರುವುದರಿಂದ 50 ಕಿಲೋ ತೂಕಕ್ಕೆ 1 ಮಿ.ಲೀ. ಆಗುತ್ತದೆ, ಬಳ್ಳಾರಿ ಕುರಿ ಸಾಕುವವರಿಗೆ ಈ ಲೆಕ್ಕ ಬಾಯಿಪಾಠವೇ ಆಗಿದೆ. ಬಂದಿದ್ದ ನಾಯಿಯ ತೂಕ 3.1 ಕಿಲೋ. ಅದೇ ದರದಲ್ಲಿ ಅದಕ್ಕೆ ಸಲ್ಲಬೇಕಾದದ್ದು 0.062 ಮಿ.ಲೀ. ಮಾಲೀಕರು ಬಳಸಿದ 2 ಮಿ.ಲೀ. ಸಿರಿಂಜಿನ ಅತಿ ಸಣ್ಣ ಗೆರೆಯೇ 0.1 ಮಿ.ಲೀ.; ಆ ಗೆರೆಯಷ್ಟು ಕೊಟ್ಟರೂ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಅವರು ಹೇಳಿದ "ಒಂದೀಟು" ಅರ್ಧ ಮಿ.ಲೀ. ಆಗಿತ್ತು, ಅಂದರೆ 5 ಮಿ.ಗ್ರಾಂ, ಕಿಲೋಗೆ ಸುಮಾರು 1.6 ಮಿ.ಗ್ರಾಂ, ಕುರಿಯ ಪ್ರಮಾಣದ ಎಂಟು ಪಟ್ಟು. ಅರ್ಧ ಮಿ.ಲೀ. ಎನ್ನುವುದು 25 ಕಿಲೋ ಕುರಿಗೆ ಸರಿಯಾದ ಪ್ರಮಾಣವಾದ್ದರಿಂದ ಅವರ ಕೈ ರೂಢಿಯಂತೆಯೇ ನಡೆದಿತ್ತು, ತಪ್ಪು ಆದದ್ದು ಪ್ರಾಣಿ ಬದಲಾದ ಕಡೆ. ಇಂಥ ಪ್ರಮಾಣವನ್ನು ಅಳೆಯಲೇಬೇಕಾದಾಗ 40 ಯೂನಿಟ್‌ನ ಇನ್ಸುಲಿನ್ ಸಿರಿಂಜ್ ನೆರವಿಗೆ ಬರುತ್ತದೆ. ಅದರ ಒಂದು ಯೂನಿಟ್ 0.025 ಮಿ.ಲೀ. ಆಗಿರುವುದರಿಂದ 0.062 ಮಿ.ಲೀ. ಎರಡು ಮತ್ತು ಮೂರನೇ ಯೂನಿಟ್‌ಗಳ ನಡುವೆ ಬೀಳುತ್ತದೆ.

ಹಾಗಾದರೆ ಇದನ್ನು "ಸಣ್ಣ ತಳಿಗೆ ಐವರ್‌ಮೆಕ್ಟಿನ್ ಆಗಿಬರುವುದಿಲ್ಲ" ಎಂದು ಓದಬಹುದೇ? ಓದಬಾರದು. ಔಷಧದ ಪ್ರತಿಕೂಲ ಪ್ರತಿಕ್ರಿಯೆಗಳನ್ನು ಎರಡು ಬಗೆಯಾಗಿ ನೋಡುವ ಕ್ರಮವನ್ನು ರಾಲಿನ್ಸ್ ಮತ್ತು ಥಾಂಪ್ಸನ್ 1977ರಲ್ಲಿ ಮಂಡಿಸಿದರು. 'ಎ' ಬಗೆಯದು ಔಷಧದ ಸಹಜ ಕ್ರಿಯೆಯೇ ಅತಿಯಾಗುವುದು. ಅದು ಪ್ರಮಾಣವನ್ನು ಅವಲಂಬಿಸಿರುತ್ತದೆ ಮತ್ತು ಮುಂದಾಗಿ ಊಹಿಸಬಹುದು. 'ಬಿ' ಬಗೆಯದು ಅಲರ್ಜಿಯಂಥದ್ದು. ಸರಿಯಾದ ಪ್ರಮಾಣದಲ್ಲಿಯೂ ಕೆಲವೇ ಪ್ರಾಣಿಗಳಲ್ಲಿ ಕಾಣುತ್ತದೆ, ಯಾವುದರಲ್ಲಿ ಎಂದು ಮೊದಲೇ ಹೇಳಲಾಗುವುದಿಲ್ಲ. ನಮ್ಮ ಮಾನ್ವಿಯ ನಾಯಿಯದು 'ಎ' ಬಗೆ. ತಳಿಗೂ ಐವರ್‌ಮೆಕ್ಟಿನ್‌ಗೂ ಇರುವ ನಿಜವಾದ ನಂಟು ಬೇರೆ ಕಡೆ ಇದೆ: ಕೋಲಿ ಮತ್ತು ಅದಕ್ಕೆ ಸಂಬಂಧಿಸಿದ ಕುರಿಕಾಯುವ ತಳಿಗಳಲ್ಲಿ ಎಂಡಿಆರ್1 ಎಂಬ ಜೀನಿನ ನಾಲ್ಕು ಅಕ್ಷರಗಳು ಬಿಟ್ಟುಹೋಗಿರುವುದನ್ನು 2001ರಲ್ಲಿ ಗುರುತಿಸಲಾಯಿತು. ಮಿದುಳಿನೊಳಗೆ ನುಸುಳಿದ ಔಷಧವನ್ನು ಹೊರದಬ್ಬುವ ಪ್ರೋಟೀನು ಈ ದೋಷದಿಂದಾಗಿ ಕೆಲಸ ಮಾಡುವುದಿಲ್ಲ. ಆದ್ದರಿಂದ ಉಳಿದ ನಾಯಿಗಳು ತಾಳಿಕೊಳ್ಳುವ ಪ್ರಮಾಣವೇ ಅವಕ್ಕೆ ವಿಷವಾಗುತ್ತದೆ. ಅವೇ ಕೋಲಿಗಳು ಹೃದಯಹುಳು ತಡೆಗೆ ತಿಂಗಳಿಗೊಮ್ಮೆ ಕೊಡುವ, ಕಿಲೋಗೆ 6 ಮೈಕ್ರೋಗ್ರಾಂ ಪ್ರಮಾಣವನ್ನು ತಾಳಿಕೊಳ್ಳುತ್ತವೆ ಎಂಬುದನ್ನು ಜೊತೆಗೇ ಬರೆದುಕೊಳ್ಳಬೇಕು. ಇಲ್ಲವಾದರೆ ಪರೀಕ್ಷೆಯಲ್ಲಿ "ಕೋಲಿಗೆ ಐವರ್‌ಮೆಕ್ಟಿನ್ ಪೂರ್ಣ ನಿಷಿದ್ಧ" ಎಂದು ಬರೆದು ಅಂಕ ಕಳೆದುಕೊಳ್ಳುತ್ತೇವೆ.

ಇನ್ನು ಸಣ್ಣ ದೇಹವೇ ನಿಜವಾಗಿ ಕಾರಣವಾಗುವ ಕಡೆಗೆ ಬರೋಣ. ಲಸಿಕೆಯ ಪ್ರಮಾಣವನ್ನು ತೂಕಕ್ಕೆ ಅನುಗುಣವಾಗಿ ಕೊಡುವುದಿಲ್ಲ. ಎರಡು ಕಿಲೋದ ಚಿಹುವಾಹುವಾಗೂ ಐವತ್ತು ಕಿಲೋದ ಗ್ರೇಟ್ ಡೇನ್‌ಗೂ ಅದೇ 1 ಮಿ.ಲೀ. ಸೀಸೆ. ರೋಗನಿರೋಧಕ ವ್ಯವಸ್ಥೆಗೆ ಪರಿಚಯವಾಗಬೇಕಾದ ಕನಿಷ್ಠ ಪ್ರತಿಜನಕ (ರೋಗಾಣುವನ್ನು ಗುರುತಿಸಲು ನೆರವಾಗುವ ಅಂಶ) ಎಷ್ಟೆಂಬುದು ತೂಕದೊಡನೆ ಏರಿಳಿಯುವುದಿಲ್ಲ ಎಂಬುದು ಇದರ ಹಿಂದಿನ ತರ್ಕ. ಹಾಗಾಗಿ ಅರ್ಧ ಸೀಸೆ ಕೊಟ್ಟು ಪಾರಾಗುವೆವೆಂಬ ಯೋಚನೆ ಸಲ್ಲದು. ಆದರೆ ಸೀಸೆಯಲ್ಲಿ ಪ್ರತಿಜನಕದ ಜೊತೆಗೆ ಕೋಶ ಬೆಳೆಸುವಾಗ ಉಳಿದ ಪ್ರೋಟೀನುಗಳೂ ಇರುತ್ತವೆ, ಕೆಲವು ಲಸಿಕೆಗಳಲ್ಲಿ ಪರಿಣಾಮ ಹೆಚ್ಚಿಸುವ ಸಹಾಯಕ ದ್ರವ್ಯಗಳೂ ಇರುತ್ತವೆ. ಸಣ್ಣ ನಾಯಿಗೆ ಕಿಲೋವಾರು ಲೆಕ್ಕದಲ್ಲಿ ಅವು ಬಹಳವಾಗುತ್ತವೆ.

ಈ ವಿಷಯದಲ್ಲಿ ಮರೆಯಬಾರದ ಅಧ್ಯಯನ 2005ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. 2002 ಮತ್ತು 2003ರಲ್ಲಿ ಒಂದೇ ಆಸ್ಪತ್ರೆ ಸರಣಿಯಲ್ಲಿ ಲಸಿಕೆ ಪಡೆದ 12,26,159 ನಾಯಿಗಳ ದಾಖಲೆಗಳನ್ನು ಪರಿಶೀಲಿಸಿ, ಲಸಿಕೆಯಾದ ಮೂರು ದಿನಗಳೊಳಗೆ ದಾಖಲಾದ 4,678 ಪ್ರತಿಕ್ರಿಯೆಗಳನ್ನು ಅದರಲ್ಲಿ ಎಣಿಸಲಾಗಿತ್ತು: ಹತ್ತು ಸಾವಿರ ನಾಯಿಗಳಿಗೆ 38.2. ದೇಹತೂಕ ಕಡಿಮೆಯಾದಂತೆ ದರ ಏರುತ್ತಿತ್ತು. ಒಂದೇ ಭೇಟಿಯಲ್ಲಿ ಕೊಡುವ ಪ್ರತಿ ಹೆಚ್ಚುವರಿ ಲಸಿಕೆಯೂ 10 ಕಿಲೋವರೆಗಿನ ನಾಯಿಗಳಲ್ಲಿ ಅಪಾಯವನ್ನು ಶೇ. 27ರಷ್ಟು, 12 ಕಿಲೋಗಿಂತ ದೊಡ್ಡ ನಾಯಿಗಳಲ್ಲಿ ಶೇ. 12ರಷ್ಟು ಹೆಚ್ಚಿಸುತ್ತಿತ್ತು. ಡ್ಯಾಶ್‌ಹಂಡ್, ಪಗ್, ಬೋಸ್ಟನ್ ಟೆರಿಯರ್, ಮಿನಿಯೇಚರ್ ಪಿನ್ಷರ್, ಚಿಹುವಾಹುವಾಗಳು ಮುಂಚೂಣಿಯ ತಳಿಗಳಾಗಿದ್ದವು.

ಈ ಅಂಕಿಗಳಲ್ಲಿ ನನಗೆ ಬಹಳ ಮುಖ್ಯವಾಗಿ ಕಂಡದ್ದು 4,678 ಅಲ್ಲ, 12,26,159. ಛೇದ, ಅಂದರೆ ಒಟ್ಟು ಲಸಿಕೆ ಪಡೆದ ನಾಯಿಗಳ ಸಂಖ್ಯೆ, ಗೊತ್ತಿರುವುದರಿಂದಲೇ ಇದು ದರವಾಯಿತು. ನಮಗೆ ಸಾಮಾನ್ಯವಾಗಿ ಸಿಗುವ ಸ್ವಯಂಪ್ರೇರಿತ ವರದಿಗಳಲ್ಲಿ ಛೇದದ ಮೇಲಿನ ಅಂಶ, ಅಂದರೆ ಪ್ರತಿಕ್ರಿಯೆಗಳ ಎಣಿಕೆ, ಮಾತ್ರ ಇರುತ್ತದೆ. ಎಷ್ಟು ನಾಯಿಗಳು ಔಷಧ ಪಡೆದು ಆರಾಮವಾಗಿ ಉಳಿದವು ಎಂಬುದು ಅಲ್ಲಿ ಇರುವುದಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಪ್ರಾಣಿ ಔಷಧಗಳ ಪ್ರತಿಕ್ರಿಯೆ ವರದಿಗಳನ್ನು ಸಾರ್ವಜನಿಕವಾಗಿ ತೆರೆದಿಡುತ್ತದೆ, ಆದರೆ ಅವುಗಳಿಂದ ಪ್ರತಿಕ್ರಿಯೆಯ ದರವನ್ನು ಲೆಕ್ಕ ಹಾಕಲಾಗದು ಎಂದು ತಾನೇ ಎಚ್ಚರಿಸುತ್ತದೆ. ಉಣ್ಣಿ ಮತ್ತು ಚಿಗಟಗಳಿಗೆ ಕೊಡುವ ಐಸೊಕ್ಸಾಜೋಲಿನ್ ಗುಂಪಿನ ಔಷಧಗಳಿಂದ ನಡುಕ, ತೂರಾಟ, ಸೆಳೆತಗಳು ಬರಬಹುದೆಂದು ಅದೇ ಸಂಸ್ಥೆ 2018ರ ಸೆಪ್ಟೆಂಬರ್‌ನಲ್ಲಿ ತಿಳಿವಳಿಕೆ ಹೊರಡಿಸಿತು. ಇಂಥ ಸುದ್ದಿಯೊಂದು ಹಬ್ಬಿದ ಮೇಲೆ ಮೊದಲು ಯಾರೂ ಗಮನಿಸದಿದ್ದ ನಡುಕವೂ ವರದಿಯಾಗತೊಡಗುತ್ತದೆ. ವರದಿಯ ಸಂಖ್ಯೆ ಏರಿದ್ದು ಔಷಧ ಬದಲಾದ್ದರಿಂದಲೇ ಆಗಿರಬೇಕಿಲ್ಲ, ನೋಡುವ ಕಣ್ಣು ಬದಲಾದ್ದರಿಂದಲೂ ಆಗಿರಬಹುದು.

ವರದಿಗಳು ಪ್ರಯೋಜನಕ್ಕೆ ಬಾರವು ಎಂದು ಇದರಿಂದ ತಿಳಿಯಬಾರದು. ಬೆನ್ನಿನ ಮೇಲೆ ಹನಿಸುವ ಚಿಗಟ ನಿವಾರಕಗಳ ವಿಷಯದಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2010ರಲ್ಲಿ ಪರಿಶೀಲನೆ ನಡೆಸಿದಾಗ, ಹೆಚ್ಚಿನ ಘಟನೆಗಳು 10ರಿಂದ 20 ಪೌಂಡ್, ಅಂದರೆ ಸುಮಾರು ನಾಲ್ಕೂವರೆಯಿಂದ ಒಂಬತ್ತು ಕಿಲೋ ತೂಕದ ನಾಯಿಗಳಲ್ಲಿ ಕಂಡುಬಂದವು. ಪೊಟ್ಟಣದ ಮೇಲಿನ ತೂಕದ ಹಂತ ಅಗಲವಾಗಿದ್ದರೆ ಆ ಹಂತದ ತಳದಲ್ಲಿರುವ ನಾಯಿಗೆ ಕಿಲೋವಾರು ಔಷಧ ಹೆಚ್ಚು ಬೀಳುತ್ತದೆ ಎಂಬುದು ಸರಳ ಗಣಿತ. ಆ ಹಂತಗಳನ್ನು ಕಿರಿದಾಗಿಸುವ ವಿಚಾರಕ್ಕೆ ನೆಲೆಯಾದದ್ದು ಬಿಡಿಬಿಡಿ ವರದಿಗಳೇ, ಮತ್ತು ಅವುಗಳಲ್ಲಿ ತೂಕ ನಮೂದಾಗಿದ್ದರಿಂದಲೇ.

ತೂಕವನ್ನು ಬರೆದರೂ ಮೋಸಹೋಗುವ ಒಂದು ಸಂದರ್ಭವಿದೆ. ಕ್ಯಾನ್ಸರಿಗೆ ಬಳಸುವ ಡಾಕ್ಸೊರುಬಿಸಿನ್ ಅನ್ನು ದೊಡ್ಡ ನಾಯಿಗಳಿಗೆ ದೇಹದ ಮೇಲ್ಮೈಯ ಚದರ ಮೀಟರಿಗೆ 30 ಮಿ.ಗ್ರಾಂನಂತೆ ಕೊಡುತ್ತಾರೆ. 30 ಕಿಲೋ ನಾಯಿಯ ಮೇಲ್ಮೈ ಸುಮಾರು 0.97 ಚದರ ಮೀಟರ್. ಔಷಧ 29 ಮಿ.ಗ್ರಾಂ, ಕಿಲೋಗೆ ಹತ್ತಿರಹತ್ತಿರ 1 ಮಿ.ಗ್ರಾಂ. ಅದೇ ಸೂತ್ರದಲ್ಲಿ 3 ಕಿಲೋ ನಾಯಿಯ ಮೇಲ್ಮೈ 0.21 ಚದರ ಮೀಟರ್, ಔಷಧ 6.3 ಮಿ.ಗ್ರಾಂ; ಕಿಲೋಗೆ ಲೆಕ್ಕ ಹಾಕಿದರೆ 2 ಮಿ.ಗ್ರಾಂ ದಾಟುತ್ತದೆ. ಸೂತ್ರ ಸರಿಯಿದ್ದೂ ಸಣ್ಣ ನಾಯಿಗಳು ಹೆಚ್ಚು ನರಳಿದ್ದರಿಂದ ಅವಕ್ಕೆ ಕಿಲೋಗೆ 1 ಮಿ.ಗ್ರಾಂ ಎಂಬ ಬೇರೆ ನಿಯಮ ಬಂತು. ನಮ್ಮ ಕಡೆ ಈ ಔಷಧವನ್ನು ಕಣ್ಣಾರೆ ಕಾಣುವುದು ಅಪರೂಪ, ಆದರೆ ತತ್ವವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಉದಾಹರಣೆ ನನಗೆ ಸಿಕ್ಕಿಲ್ಲ.

ನಮ್ಮ ಕಡೆ ಕಾಣುವುದು ಅಮಿಟ್ರಾಜ್. ದನದ ಉಣ್ಣಿಗೆಂದು ಅಂಗಡಿಯಲ್ಲಿ ಸಿಗುವ ಶೇ. 12.5ರ ದ್ರಾವಣವನ್ನು ಲೀಟರ್ ನೀರಿಗೆ 2 ಮಿ.ಲೀ. ಬೆರೆಸಬೇಕಾದಲ್ಲಿ "ಒಂದು ಮುಚ್ಚಳ" ಸುರಿದು ನಾಯಿಯನ್ನು ತೋಯಿಸುತ್ತಾರೆ, ಅದು ಮೈ ನೆಕ್ಕಿಕೊಳ್ಳುತ್ತದೆ. ಮಂಕು, ನಿಧಾನವಾದ ಎದೆಬಡಿತ, ತಣ್ಣಗಾದ ಮೈ, ಏರಿದ ರಕ್ತದ ಸಕ್ಕರೆ, ಇವಿಷ್ಟೂ ಒಟ್ಟಿಗೆ ಕಂಡರೆ ಅಮಿಟ್ರಾಜನ್ನು ನೆನೆಯಬೇಕು. ಇದಕ್ಕೆ ಅಟಿಪಮಿಜೋಲ್ ಅಥವಾ ಯೋಹಿಂಬಿನ್ ಪ್ರತಿವಿಷವಾಗಿ ಕೆಲಸ ಮಾಡುತ್ತದೆ. ಐವರ್‌ಮೆಕ್ಟಿನ್‌ಗೆ ಅಂಥ ನಿರ್ದಿಷ್ಟ ಪ್ರತಿವಿಷವಿಲ್ಲ. ಮನೆಯಲ್ಲಿರುವ ಪ್ಯಾರಾಸಿಟಮಾಲ್ ವಿಷಯದಲ್ಲೂ ಪ್ರಮಾಣ ಮೀರುವುದು ಸುಲಭ: 650 ಮಿ.ಗ್ರಾಂನ ಒಂದು ಮಾತ್ರೆ 3 ಕಿಲೋ ನಾಯಿಗೆ ಕಿಲೋಗೆ ಸುಮಾರು 217 ಮಿ.ಗ್ರಾಂ ಆಗುತ್ತದೆ, ನಾಯಿಯ ಯಕೃತ್ತಿಗೆ 100ರ ಆಸುಪಾಸಿನಿಂದಲೇ ಅಪಾಯವಿದೆ.

ತಳಿಯ ಅಂಕಣದ ಬಗ್ಗೆ ಒಂದು ಮಾತು. ಬಳ್ಳಾರಿಯಿಂದ ರಾಯಚೂರಿನವರೆಗೆ ಬಿಳಿ ಕೂದಲಿನ ಪ್ರತಿ ಸಣ್ಣ ನಾಯಿಯೂ "ಪಮೇರಿಯನ್" ಎಂದೇ ಕರೆಸಿಕೊಳ್ಳುತ್ತದೆ, ವಾಸ್ತವದಲ್ಲಿ ಅವುಗಳಲ್ಲಿ ಬಹುಪಾಲು ಇಂಡಿಯನ್ ಸ್ಪಿಟ್ಜ್. ನನ್ನ ದಾಖಲಾತಿಯ ಮೊದಲ ಪದವೇ ಬಹುಶಃ ತಪ್ಪು. ಇಂಥ ನೂರು ಸಾಲುಗಳನ್ನು ಒಟ್ಟುಗೂಡಿಸಿ "ಪಮೇರಿಯನ್ ತಳಿ ಸೂಕ್ಷ್ಮ" ಎಂದು ಯಾರಾದರೂ ತೀರ್ಮಾನಿಸಿದರೆ ಆ ತೀರ್ಮಾನ ಯಾವ ನಾಯಿಗೂ ಅನ್ವಯಿಸುವುದಿಲ್ಲ.

ಕಾಲದ ಅಂಕಣ ಇದಕ್ಕಿಂತ ಮುಖ್ಯ. ಅಲರ್ಜಿ ಬಗೆಯ ಪ್ರತಿಕ್ರಿಯೆ ನಿಮಿಷಗಳಿಂದ ಕೆಲವು ಗಂಟೆಗಳೊಳಗೆ ಮುಖದ ಊತ, ದದ್ದು, ವಾಂತಿಗಳಾಗಿ ಕಾಣಿಸಿಕೊಳ್ಳುತ್ತದೆ. ಲಸಿಕೆ ಹಾಕಿಸಿಕೊಂಡು, ಏಪ್ರಿಲ್ ಬಿಸಿಲಲ್ಲಿ ಬಸ್ಸಿನಲ್ಲಿ ಸಿಂಧನೂರಿಗೆ ಮರಳಿದ ಪಗ್ ಸಂಜೆ ಕುಸಿದುಬಿದ್ದರೆ ಅದು ಲಸಿಕೆಯೋ ಬಿಸಿಲಾಘಾತವೋ? ಡಾಕ್ಸಿಸೈಕ್ಲಿನ್ ಶುರುಮಾಡಿದ ನಾಯಿಯ ಮೂಗಿನಲ್ಲಿ ರಕ್ತ ಬಂದರೆ ಅದು ಮಾತ್ರೆಯಿಂದಲೋ, ಮಾತ್ರೆ ಕೊಡಲು ಕಾರಣವಾದ ಉಣ್ಣಿಜ್ವರದಿಂದಲೋ? ಪ್ರಾಣಿ ಔಷಧಗಳ ವರದಿಗಳನ್ನು ಎ, ಬಿ, ಓ, ಎನ್ ಎಂದು ವಿಂಗಡಿಸುವ ಪದ್ಧತಿ ಇರುವುದು ಇದಕ್ಕಾಗಿಯೇ: ಸಂಭವನೀಯ, ಸಾಧ್ಯ, ಮಾಹಿತಿ ಸಾಲದೆ ವಿಂಗಡಿಸಲಾಗದ್ದು, ಸಂಭವವಲ್ಲದ್ದು. ಇಲ್ಲಿನ 'ಎ', 'ಬಿ'ಗಳಿಗೂ ಮೇಲೆ ಹೇಳಿದ 1977ರ 'ಎ', 'ಬಿ'ಗಳಿಗೂ ಸಂಬಂಧವಿಲ್ಲ; ನನ್ನ ಸಹಪಾಠಿಗಳಲ್ಲಿ ಅರ್ಧದಷ್ಟು ಜನ ಎಡವಿದ್ದು ಇಲ್ಲಿಯೇ.

ದೂರದೂರಿಂದ ಒಮ್ಮೆ ಮಾತ್ರ ಬರಬಲ್ಲ ಮಾಲೀಕರ ಸಣ್ಣ ನಾಯಿಗೆ ಎಲ್ಲ ಲಸಿಕೆಗಳನ್ನೂ ಒಂದೇ ದಿನ ಕೊಡಬೇಕೇ ಎಂಬ ಪ್ರಶ್ನೆಗೆ ನನ್ನ ಅಭಿಪ್ರಾಯ ಇಷ್ಟು: ಮತ್ತೆ ಬರುವರೆಂಬ ಭರವಸೆ ಇಲ್ಲದಿದ್ದರೆ ರೇಬೀಸ್ ಲಸಿಕೆಯನ್ನು ಮುಂದೂಡಬಾರದು, ಉಳಿದದ್ದನ್ನು ಬಿಡಿಸಬಹುದು, ಮತ್ತು ಚುಚ್ಚಿದ ಮೇಲೆ ಅರ್ಧ ಗಂಟೆಯಾದರೂ ಆವರಣದ ನೆರಳಿನಲ್ಲಿ ಕೂರಿಸಿಕೊಳ್ಳಬೇಕು. ಆ ಅರ್ಧ ಗಂಟೆಗೆ, ತೀವ್ರ ಅಲರ್ಜಿಯಾದರೆ ಕೊಡಲು, ಅಡ್ರಿನಲಿನ್ ಸಿದ್ಧವಿರಲಿ. ಕಿಲೋಗೆ 0.01 ಮಿ.ಗ್ರಾಂನಂತೆ 3 ಕಿಲೋ ನಾಯಿಗೆ ಬೇಕಾದದ್ದು 1 ಮಿ.ಗ್ರಾಂ ಇರುವ 1 ಮಿ.ಲೀ. ಆಂಪೂಲಿನ 0.03 ಮಿ.ಲೀ.; ಹತ್ತು ಪಟ್ಟು ದುರ್ಬಲಗೊಳಿಸಿಕೊಂಡರೆ 0.3 ಮಿ.ಲೀ., ಆಗ ಗಾಬರಿಯ ಕೈಯೂ ಅಳೆಯಬಲ್ಲದು.

ಮಾನ್ವಿಯ ನಾಯಿ ಮೂರನೇ ದಿನ ಎದ್ದು ನಿಂತಿತು. ಸೆಮಿಸ್ಟರ್ ಮುಗಿದ ಮೇಲೆ ಆ ಪುಟ ತೆರೆದು, ಹಳೆಯ ಸಾಲನ್ನು ಹೊಡೆದುಹಾಕದೆ ಕೆಳಗೆ ಹೊಸದನ್ನು ಸೇರಿಸಿದೆ: "ಸ್ಪಿಟ್ಜ್ ಮಾದರಿಯ ನಾಯಿ, ಹೆಣ್ಣು, 3.1 ಕಿಲೋ, ತೂಕ ಅಳೆದದ್ದು; ಐವರ್‌ಮೆಕ್ಟಿನ್ ಶೇ. 1, ಚರ್ಮದಡಿ 0.5 ಮಿ.ಲೀ., ಕಿಲೋಗೆ 1.6 ಮಿ.ಗ್ರಾಂ, ಮಾಲೀಕರೇ ಕೊಟ್ಟದ್ದು, ಬೇರೆ ಔಷಧ ಇಲ್ಲ, ಪಾಪೆ ಹಿಗ್ಗಿಕೆ, ಜೊಲ್ಲು, ತೂರಾಟ, ಮೂರನೇ ದಿನ ಚೇತರಿಕೆ, ಅಧಿಕ ಪ್ರಮಾಣ, ಸಂಭವನೀಯ." ಚುಚ್ಚಿದ ಗಂಟೆಯ ಜಾಗ ಮಾತ್ರ ಖಾಲಿ ಉಳಿಯಿತು. ಅಂದು ನಾನು ಅದನ್ನು ಕೇಳಿರಲಿಲ್ಲ.