ಪದ ಪರಿಚಯ: ರೀಫ್ಲೋ

ಫೋನಿನಲ್ಲಿ ಇ-ಪುಸ್ತಕ ಓದುತ್ತಾ ಅಕ್ಷರ ಸ್ವಲ್ಪ ದೊಡ್ಡದು ಮಾಡುತ್ತೀರಿ. ಸಾಲುಗಳು ತಾವೇ ಒಡೆದು, ಹೊಸದಾಗಿ ಜೋಡಿಸಿಕೊಂಡು ಪರದೆಯ ಅಗಲಕ್ಕೆ ಹೊಂದಿಕೊಳ್ಳುತ್ತವೆ. ಇದೇ ರೀಫ್ಲೋ. ಪಿಡಿಎಫ್‌ನಲ್ಲಿ ಸಾಮಾನ್ಯವಾಗಿ ಹೀಗಾಗುವುದಿಲ್ಲ, ದೊಡ್ಡದು ಮಾಡಿದರೆ ಸಾಲು ಪರದೆಯಾಚೆ ಹೋಗುತ್ತದೆ, ಬೆರಳಿನಿಂದ ಅತ್ತಿತ್ತ ಎಳೆಯುತ್ತಾ ಓದಬೇಕು.

2007ರಲ್ಲಿ ಬಂದ ಇಪಬ್ ಈ ರೀಫ್ಲೋಗೆಂದೇ ಹುಟ್ಟಿದ ಇ-ಪುಸ್ತಕದ ಕಡತ ಮಾದರಿ. ಬಿಚ್ಚಿ ನೋಡಿದರೆ ಒಳಗಿರುವುದು ಒಂದು ಪುಟ್ಟ ವೆಬ್‌ಸೈಟೇ. ಇದು ಅಧ್ಯಾಯದ ಹೆಸರು, ಇದು ಪ್ಯಾರಾ, ಇದು ಪದ್ಯದ ಸಾಲು ಅಂತ ಗುರುತು ಹಾಕಿಟ್ಟರೆ ಸಾಕು, ಉಳಿದದ್ದನ್ನು ಆ್ಯಪ್ ನೋಡಿಕೊಳ್ಳುತ್ತದೆ.

ಆ ಗುರುತನ್ನೇ ಹಾಕಿರುವುದಿಲ್ಲ, ಅಲ್ಲೇ ಇರುವುದು ತೊಂದರೆ. ನಮ್ಮ ಪುಸ್ತಕಗಳು ತಯಾರಾಗುವುದು ಅಚ್ಚಿಗೆ. ಪುಟ ಜೋಡಿಸುವ ತಂತ್ರಾಂಶವಾದ ಪೇಜ್‌ಮೇಕರ್‌ನಲ್ಲಿ ಸ್ಪೇಸ್ ಒತ್ತಿ ಒತ್ತಿ ಪದ್ಯವನ್ನು ಮಧ್ಯಕ್ಕೆ ತಂದರೂ ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಅದೇ ಕಡತವನ್ನು ಸುಮ್ನೆ ಇಪಬ್‌ಗೆ ಬದಲಾಯಿಸಿದರೆ ಪದ್ಯ ಚೆಲ್ಲಾಪಿಲ್ಲಿ. ಸಾಲಿನ ಕೊನೆಯಲ್ಲಿ ಪದ ಒಡೆಯಲು ಹಾಕಿದ್ದ ಅಡ್ಡಗೆರೆ ಈಗ ನಡುಸಾಲಿಗೆ ಬಂದು ‘ಮನೆ-ಯಲ್ಲಿ’ ಅಂತ ನಿಂತಿರುತ್ತದೆ.

ಕನ್ನಡಕ್ಕೆ ಇದರ ಜೊತೆ ಫಾಂಟಿನ ಕಾಟ ಬೇರೆ. ‘ಸೂರ್ಯ’ ಪದವನ್ನೇ ನೋಡಿ. ಈಗ ಫೋನು, ಕಂಪ್ಯೂಟರ್ ಎಲ್ಲದರಲ್ಲೂ ಬಳಸುವ ಅಕ್ಷರ ಸಂಕೇತ ಪದ್ಧತಿಯಾದ ಯುನಿಕೋಡ್‌ನಲ್ಲಿ ಉಚ್ಚಾರಣೆಯ ಹಾಗೆ ಮೊದಲು ರ, ಆಮೇಲೆ ಯ. ಇಂಗ್ಲಿಷ್ ಅಕ್ಷರಗಳ ಸಂಕೇತದ ಜಾಗದಲ್ಲೇ ಕನ್ನಡದ ಚೂರುಗಳನ್ನು ಕೂರಿಸಿದ, ನುಡಿಯಂಥ ಹಳೆಯ ಆಸ್ಕಿ ಫಾಂಟುಗಳಲ್ಲಿ ಕಣ್ಣಿಗೆ ಕಾಣುವ ಹಾಗೆ ಮೊದಲು ಯ, ಅದರ ಬೆನ್ನಿಗೆ ಅರ್ಕಾವತ್ತಿನ ಗುರುತು. ಯುನಿಕೋಡ್‌ಗೆ ತರುವಾಗ ಆ ಗುರುತನ್ನು ರ ಮಾಡಿ ಯ ಅಕ್ಷರಕ್ಕಿಂತ ಮೊದಲು ಬರುವಂತೆ ಸರಿಸಬೇಕು. ಕನ್ವರ್ಟರ್ ಎಡವಿತೋ, ಸೂರ್ಯ ಹೋಗಿ ‘ಸೂಯ’ ಆಗುತ್ತದೆ, ಪಕ್ಕದಲ್ಲಿ ಯಾವುದೋ ಪರದೇಶಿ ಅಕ್ಷರ. ನಾನು ದುಡ್ಡು ಕೊಟ್ಟು ಕೊಂಡ ಒಂದು ಕಾದಂಬರಿಯಲ್ಲಿ ‘ವರ್ಷ’, ‘ಅರ್ಥ’, ‘ಮರ್ಯಾದೆ’ ಎಲ್ಲದಕ್ಕೂ ಇದೇ ಗತಿ. ಹತ್ತು ಪುಟ ಓದುವಷ್ಟರಲ್ಲಿ ನಿಜವಾಗಿಯೂ ನೋವಾಯಿತು.

ಹಾಗಾದರೆ ತಪ್ಪು ಯಾರದು? ಡಿಟಿಪಿಯವರನ್ನು ಬೈಯುವುದು ಸರಿಯಲ್ಲ, ಅವರಿಗೆ ಕೊಟ್ಟದ್ದು ಅಚ್ಚಿನ ಕೆಲಸ. ಓದುವ ಆ್ಯಪ್‌ಗಳದ್ದೂ ಸ್ವಲ್ಪ ಪಾಲಿದೆ, ಕೆಲವು ಆ್ಯಪ್‌ಗಳಲ್ಲಿ ಒತ್ತಕ್ಷರ ಸರಿಯಾಗಿ ಕೂರುವುದಿಲ್ಲ. ಆದರೆ ನನ್ನ ಪ್ರಕಾರ ಜಾಸ್ತಿ ಹೊಣೆ ಪ್ರಕಾಶಕರದ್ದೇ. ಅಚ್ಚಿಗೆ ಹೋಗುವ ಮುಂಚೆ ಎರಡು ಸಲ ಪ್ರೂಫ್ ನೋಡಿಸುವವರು, ಮಾರುವ ಇ-ಪುಸ್ತಕವನ್ನು ಒಂದು ಸಲವಾದರೂ ಫೋನಿನಲ್ಲಿ ತೆರೆದು ಓದಬೇಕು ಅಲ್ವಾ?

ತಪ್ಪು ಕಂಡರೆ ಪ್ರಕಾಶಕರಿಗೆ ಬರೆಯಿರಿ. ಪುಟದ ಸಂಖ್ಯೆ ಬೇಡ, ಅಧ್ಯಾಯದ ಹೆಸರು ಮತ್ತು ಆ ಸಾಲು ಕೊಡಿ. ರೀಫ್ಲೋ ಆಗುವ ಪುಸ್ತಕದಲ್ಲಿ ನಿಮ್ಮ ಫೋನಿನ 40ನೇ ಪುಟ ಅವರ ಫೋನಿನಲ್ಲಿ 52 ಆಗಿರಬಹುದು.