ಬಿಸಿ ಅಗರ್‌ಗೇ ಕಾಂಟ್ರಾಸ್ಟ್ ಕಲಸಬಹುದಾ?

ಪ್ರಶ್ನೆ: ವಿಜಯಪುರದಲ್ಲಿ ಬಯೋಮೆಡಿಕಲ್ ಪ್ರಾಜೆಕ್ಟ್ ಮಾಡ್ತಿದ್ದೇವೆ. ಅಲ್ಟ್ರಾಸೌಂಡ್ ಕಾಂಟ್ರಾಸ್ಟ್ (ಸ್ಕ್ಯಾನ್‌ನಲ್ಲಿ ರಕ್ತ ಎದ್ದು ಕಾಣಲೆಂದು ಕೊಡುವ ದ್ರವ) ಪರೀಕ್ಷಿಸಲು ಜೆಲ್ ಫ್ಯಾಂಟಮ್, ಅಂದರೆ ದೇಹದ ಬದಲಿಗೆ ಸ್ಕ್ಯಾನ್ ಮಾಡುವ ಜೆಲ್ ಮಾದರಿ ಬೇಕು. ಕಾಂಟ್ರಾಸ್ಟನ್ನು ಬಿಸಿ ಅಗರ್‌ಗೇ (ಕಡಲಪಾಚಿಯಿಂದ ತೆಗೆದ, ಆರಿದಾಗ ಜೆಲ್ ಆಗುವ ಪದಾರ್ಥ) ಕಲಸಿದರೆ ಆಗಲ್ವಾ? ಅಗರ್ ಬದಲು ಜೆಲಾಟಿನ್ ನಡೆಯುತ್ತಾ?

ಉತ್ತರ: ಕಲಸಬೇಡಿ. ಈ ಕಾಂಟ್ರಾಸ್ಟ್ ಬಣ್ಣವಲ್ಲ, ಗುಳ್ಳೆ. ಒಳಗೆ ಸಲ್ಫರ್ ಹೆಕ್ಸಾಫ್ಲೋರೈಡ್‌ನಂಥ ಅನಿಲ, ಹೊರಗೆ ಕೊಬ್ಬಿನ ತೆಳು ಪದರ. ಅಗಲ ಸುಮಾರು 2-3 ಮೈಕ್ರಾನ್, ಕೆಂಪು ರಕ್ತಕಣಕ್ಕಿಂತ ಚಿಕ್ಕದು. ಧ್ವನಿ ತಾಗಿದಾಗ ಅದು ಹಿಗ್ಗಿ ಕುಗ್ಗುತ್ತದೆ. ನಿಮಗೆ ಬೇಕಾದ ಸಿಗ್ನಲ್ ಹುಟ್ಟೋದೇ ಆ ಅದುರುವಿಕೆಯಿಂದ. ಬಿಸಿಗೆ ಗುಳ್ಳೆ ಕೆಡುತ್ತದೆ. ಉಳಿದರೂ ಗಟ್ಟಿ ಜೆಲ್ ಅದನ್ನು ರಕ್ತದಲ್ಲಿದ್ದಂತೆ ಆಡಲು ಬಿಡಲ್ಲ.

ಜೆಲ್‌ನಲ್ಲಿ ರಕ್ತನಾಳದಂಥ ದಾರಿ ಬಿಡಿ, ಕಾಂಟ್ರಾಸ್ಟ್ ಅದರಲ್ಲಿ ಹರಿಯಲಿ. ಡಬ್ಬಿಯ ಎರಡು ಬದಿಗೆ ತೂತು ಕೊರೆದು ನುಣುಪಾದ ಸ್ಟೀಲ್ ಕಡ್ಡಿ ತೂರಿಸಿ. ಜೆಲ್ ಗಟ್ಟಿಯಾದ ಮೇಲೆ ಮೆಲ್ಲಗೆ ತಿರುಗಿಸುತ್ತಾ ಎಳೆಯಿರಿ.

ಜೆಲಾಟಿನ್ ಇಲ್ಲಿ ಬೇಡ. 30 ಡಿಗ್ರಿ ದಾಟಿದರೆ ಮೆತ್ತಗಾಗಿ ಕರಗುತ್ತದೆ. ವಿಜಯಪುರದ ಏಪ್ರಿಲ್ ಗೊತ್ತಲ್ಲ! ಬೆಳಗಾವಿಯ ಮಳೆಗಾಲಕ್ಕೆ ಓಕೆ. ಅಗರ್ ಹೆಪ್ಪುಗಟ್ಟೋದು 35-40 ಡಿಗ್ರಿ ಹತ್ತಿರ, ಮತ್ತೆ ಕರಗೋಕೆ 85 ಬೇಕು. ಅಂಗಡಿಯ ಚೈನಾ ಗ್ರಾಸ್ ಕೂಡ ಅಗರೇ, ಆದರೆ ಅಳತೆಯ ಕೆಲಸಕ್ಕೆ ಲ್ಯಾಬ್ ಪುಡಿಯೇ ಸರಿ.

ನೂರು ಗ್ರಾಂ ಮಿಶ್ರಣಕ್ಕೆ 3 ಗ್ರಾಂ ಅಗರ್, ಸುಮಾರು 11 ಗ್ರಾಂ ಗ್ಲಿಸರಾಲ್ ಹಾಕುತ್ತಾರೆ. ಬರೀ ನೀರಿನಲ್ಲಿ ಧ್ವನಿಯ ವೇಗ 20 ಡಿಗ್ರಿಯಲ್ಲಿ ಸೆಕೆಂಡಿಗೆ 1480 ಮೀಟರ್ ಆಸುಪಾಸು; ಗ್ಲಿಸರಾಲ್ ಅದನ್ನು ದೇಹದ 1540ಕ್ಕೆ ಏರಿಸುತ್ತದೆ. ಚೂರು ಸಿಲಿಕಾನ್ ಕಾರ್ಬೈಡ್ ಪುಡಿ ಸೇರಿಸಿದರೆ ಚಿತ್ರ ಮಾಂಸದಂತೆ ಕಾಳುಕಾಳಾಗಿ ಕಾಣುತ್ತದೆ. ತುಂಬಾ ಬಿಸಿಯಿದ್ದಾಗಲೇ ಸುರಿದರೆ ಪುಡಿ ತಳಕ್ಕೆ ಕೂರುತ್ತದೆ. 45 ಡಿಗ್ರಿ ಹತ್ತಿರ ಬರೋವರೆಗೆ ಕೈಯಾಡಿಸಿ, ಆದರೆ ಮಜ್ಜಿಗೆ ಕಡೆದಂತೆ ಕಡೆಯಬೇಡಿ. ಒಳಗೆ ಗಾಳಿ ಸೇರಿದರೆ ಅದೂ ಕಾಂಟ್ರಾಸ್ಟಿನಂತೆಯೇ ಬೆಳ್ಳಗೆ ಹೊಳೆಯುತ್ತದೆ. ನೀರನ್ನು ಮೊದಲೇ ಕುದಿಸಿ ಆರಿಸಿ. ವ್ಯಾಕ್ಯೂಮ್ ಪಂಪ್ ಇದ್ದರೆ ಇನ್ನೂ ಒಳ್ಳೆಯದು.

ಮೊದಲು ಬರೀ ನೀರು ಹರಿಸಿ ಸ್ಕ್ಯಾನ್ ಮಾಡಿ. ಜೆಲ್‌ನಲ್ಲಿ ಆಗಲೇ ದೊಡ್ಡ ಬಿಳಿ ಚುಕ್ಕೆ ಕಂಡರೆ ಅದು ಗಾಳಿ; ಹೊಸದಾಗಿ ಮಾಡಿ. ಕಾಂಟ್ರಾಸ್ಟ್ ಬಿಟ್ಟಾಗ ಪವರ್ ಕಡಿಮೆ ಇಡಿ, ಜಾಸ್ತಿಯಾದರೆ ಗುಳ್ಳೆಗಳು ಒಡೆಯುತ್ತವೆ. ಕೆಲಸ ಆದ ಮೇಲೆ ಫ್ಯಾಂಟಮನ್ನು ಗ್ಲಿಸರಾಲ್ ಬೆರೆಸಿದ ನೀರಿನಲ್ಲೇ ಮುಳುಗಿಸಿಡಿ. ಬರೀ ನೀರಾದರೆ ಜೆಲ್‌ನ ಗ್ಲಿಸರಾಲ್ ಹೊರಗೆ ಬಂದು ಧ್ವನಿಯ ವೇಗ ಮತ್ತೆ ಇಳಿಯುತ್ತದೆ.