ಕೈಗುಣವೂ ನಿರ್ವಾತ ಯಂತ್ರದ ಸರದಿಪಟ್ಟಿಯೂ

ಲೋಹದ ತೆಳುಪದರ ಕೂರಿಸುವ ನಿರ್ವಾತ ಯಂತ್ರವೊಂದನ್ನು ಹತ್ತಾರು ಸಂಶೋಧನಾ ವಿದ್ಯಾರ್ಥಿಗಳು ಹಂಚಿಕೊಂಡು ಬಳಸುವ, ಧೂಳಿಲ್ಲದಂತೆ ಕಾಪಾಡಿದ ಕ್ಲೀನ್‌ರೂಮ್‌ಗಳಲ್ಲಿ ಒಂದು ಮಾತು ಬೇಗ ಹುಟ್ಟಿಕೊಳ್ಳುತ್ತದೆ: ಇಂಥವರ ಕೈಗುಣ ಒಳ್ಳೆಯದು, ಅವರು ಕೂತರೆ ವ್ಯಾಕ್ಯೂಮ್ ಬೇಗ ಬರುತ್ತದೆ, ಇಂಥವರು ಮುಟ್ಟಿದರೆ ಯಂತ್ರ ಮುನಿಯುತ್ತದೆ. ಮೈಸೂರಿನಲ್ಲಿ ಭೌತವಿಜ್ಞಾನವನ್ನೇ ಓದಿದವರ ಬಾಯಲ್ಲಿ ಇದನ್ನು ಕೇಳುವಾಗ ನನಗೆ ಸೋಜಿಗಕ್ಕಿಂತ ಬೇಸರವೇ ಹೆಚ್ಚು. ಬುಕಿಂಗ್ ಪುಸ್ತಕವನ್ನು ತೆರೆದು ನೋಡಿದರೆ ಕೈಗುಣದ ಗುಟ್ಟು ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ. ಕೈಗುಣವಿರುವವರ ಸರದಿ ಬೆಳಿಗ್ಗೆ, ಅಂದರೆ ರಾತ್ರಿಯಿಡೀ ಪಂಪ್ ಓಡಿದ ಮೇಲೆ ಬರುತ್ತದೆ. ಇಲ್ಲದವರ ಸರದಿ ಮಧ್ಯಾಹ್ನ, ಇನ್ನೊಬ್ಬರು ಚೇಂಬರಿನ (ಗಾಳಿ ತೆಗೆಯುವ ಉಕ್ಕಿನ ಪೆಟ್ಟಿಗೆಯ) ಬಾಗಿಲು ತೆರೆದು ಮುಚ್ಚಿದ ಬೆನ್ನಿಗೇ ಬರುತ್ತದೆ.

ಈ ತಪ್ಪು ತಿಳಿವಳಿಕೆಯ ಬೇರು ಇನ್ನೂ ಹಳೆಯದು: ಪಂಪ್ ಗಾಳಿಯನ್ನು ಎಳೆಯುತ್ತದೆ, ಆದ್ದರಿಂದ ಬಲವಾದ ಪಂಪ್ ಇದ್ದರೆ ಸಾಕು ಎಂಬ ನಂಬಿಕೆ. ನಿರ್ವಾತಕ್ಕೆ ಎಳೆಯುವ ಶಕ್ತಿಯಿಲ್ಲ, ಹೊರಗಿನ ಗಾಳಿಗೆ ತಳ್ಳುವ ಶಕ್ತಿಯಿದೆ ಎಂಬುದು ತೀರ್ಮಾನವಾಗಿ ಮುನ್ನೂರೈವತ್ತು ವರ್ಷಗಳಿಗೂ ಹೆಚ್ಚಾಯಿತು. 1648ರ ಸೆಪ್ಟೆಂಬರ್ 19ರಂದು ಬ್ಲೇಸ್ ಪಾಸ್ಕಲನ ಭಾವ ಫ್ಲೋರಿನ್ ಪೆರಿಯೆ ಪಾದರಸದ ಕೊಳವೆಯನ್ನು ಹೊತ್ತುಕೊಂಡು ಫ್ರಾನ್ಸಿನ ಪ್ಯುಯಿ ದ ದೋಮ್ ಬೆಟ್ಟವನ್ನು ಹತ್ತಿದಾಗ, ತುದಿಯಲ್ಲಿ ಪಾದರಸದ ಕಂಬ ಸುಮಾರು 8 ಸೆಂಟಿಮೀಟರ್ ತಗ್ಗಿತ್ತು. ಕೊಳವೆಯ ಮೇಲ್ಭಾಗ ಬೆಟ್ಟದ ಬುಡದಲ್ಲೂ ತುದಿಯಲ್ಲೂ ಒಂದೇ ರೀತಿ ಖಾಲಿಯಾಗಿತ್ತು. ಕಡಿಮೆಯಾದದ್ದು ಹೊರಗಿನ ಗಾಳಿಯ ಭಾರ. ಸಮುದ್ರಮಟ್ಟದಲ್ಲಿ 76 ಸೆಂಟಿಮೀಟರ್ ನಿಲ್ಲುವ ಆ ಕಂಬ ಮೈಸೂರಿನಲ್ಲಿ ಸುಮಾರು 69ಕ್ಕೆ ನಿಲ್ಲುತ್ತದೆ, ಊರಿಗಿಂತ ಸುಮಾರು 300 ಮೀಟರ್ ಎತ್ತರವಿರುವ ಚಾಮುಂಡಿ ಬೆಟ್ಟದ ಮೇಲೆ ಇನ್ನೂ ಎರಡು, ಎರಡೂವರೆ ಸೆಂಟಿಮೀಟರ್ ಇಳಿಯುತ್ತದೆ. ಅರ್ಧ ಮೀಟರ್ ಅಗಲದ ದುಂಡನೆಯ ಚೇಂಬರ್ ಬಾಗಿಲನ್ನು ನಮ್ಮೂರಿನ ಈ ಹಗುರ ಗಾಳಿಯೂ ಸುಮಾರು 1,800 ಕಿಲೋಗ್ರಾಂ ಭಾರದಷ್ಟು ಬಲದಿಂದ ಒತ್ತಿ ಹಿಡಿಯುತ್ತದೆ.

ಹಾಗಾದರೆ ಪಂಪ್ ಮಾಡುವುದೇನು? ತನ್ನ ಬಾಯಿಗೆ ತಾನಾಗಿ ಬಂದ ಅಣುವನ್ನು ಮರಳಿ ಹೋಗಗೊಡದಿರುವುದಷ್ಟೇ ಅದರ ಕೆಲಸ. ಒತ್ತಡವು ಒಂದು ಮಿಲಿಬಾರಿನ (ಹೊರಗಿನ ಗಾಳಿಯ ಒತ್ತಡದ ಸುಮಾರು ಸಾವಿರದಲ್ಲಿ ಒಂದು ಪಾಲು) ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ಇಳಿದಾಗ ಒಂದು ಅಣು ಇನ್ನೊಂದಕ್ಕೆ ಡಿಕ್ಕಿ ಹೊಡೆಯುವ ಮೊದಲು ಸರಾಸರಿ ಹತ್ತಾರು ಮೀಟರ್ ಸಾಗಬಲ್ಲದು. ಅರ್ಧ ಮೀಟರಿನ ಚೇಂಬರಿನಲ್ಲಿ ಅದು ಗೋಡೆಯಿಂದ ಗೋಡೆಗೆ ಪುಟಿಯುತ್ತಿರುತ್ತದೆಯೇ ಹೊರತು, ಅದನ್ನು ಪಂಪಿನ ಕಡೆಗೆ ದೂಡುವ ಬೇರೆ ಅಣುಗಳೇ ಹತ್ತಿರದಲ್ಲಿರುವುದಿಲ್ಲ.

ಚೇಂಬರಿನ ಒಳಗಿನ ಗಾಳಿ ನಮ್ಮ ಸಮಸ್ಯೆಯೇ ಅಲ್ಲ. ನೂರು ಲೀಟರಿನ ಚೇಂಬರಿಗೆ ಸೆಕೆಂಡಿಗೆ ಐದು ಲೀಟರ್ ಸಾಮರ್ಥ್ಯದ ರೋಟರಿ ಪಂಪ್ ಜೋಡಿಸಿದರೆ, ಒತ್ತಡ ಮಿಲಿಬಾರಿನ ಹತ್ತನೇ ಒಂದು ಪಾಲಿಗೆ ಇಳಿಯಲು ಲೆಕ್ಕದ ಪ್ರಕಾರ ಮೂರು ನಿಮಿಷ ಸಾಕು. ಗಂಟೆಗಟ್ಟಲೆ ಕಾಯಿಸುವುದು ಗೋಡೆಗೆ ಅಂಟಿದ ನೀರು. ಬಾಗಿಲು ತೆರೆದ ಕ್ಷಣದಲ್ಲೇ ಕೋಣೆಯ ತೇವ ಉಕ್ಕಿನ ಮೇಲೆ ಪದರ ಪದರವಾಗಿ ಕೂರುತ್ತದೆ. ಜಂಬೂಸವಾರಿ ಮುಗಿದ ಮೇಲೆ ಬೀದಿಯಲ್ಲಿ ನಿಂತಿದ್ದ ಜನ ಗಂಟೆಯೊಳಗೆ ಕರಗುತ್ತಾರೆ, ನೆಂಟರ ಮನೆಗಳಲ್ಲಿ ಉಳಿದುಕೊಂಡವರು ಮಾತ್ರ ವಾರವಿಡೀ ಒಬ್ಬೊಬ್ಬರಾಗಿ ಬಸ್ ನಿಲ್ದಾಣಕ್ಕೆ ಬರುತ್ತಿರುತ್ತಾರೆ. ಬಸ್ಸುಗಳನ್ನು ಎಷ್ಟೇ ಹೆಚ್ಚಿಸಿದರೂ ಅವರು ಮನೆ ಬಿಟ್ಟು ಹೊರಡುವ ದಿನ ಬದಲಾಗುವುದಿಲ್ಲ. ಆ ಉಳಿದವರ ಸಂಖ್ಯೆ ಚಿಲ್ಲರೆಯಲ್ಲ. ಇಂಥ ಚೇಂಬರಿನ ಒಳಮೈ ಸುಮಾರು 1.3 ಚದರ ಮೀಟರ್; ಅದರ ಮೇಲೆ ನೀರಿನ ಒಂದೇ ಒಂದು ಅಣುಪದರವಿದ್ದು ಅದು ಒಟ್ಟಿಗೇ ಬಿಡುಗಡೆಯಾದರೆ, ಒತ್ತಡ ಮಿಲಿಬಾರಿನ ಸಾವಿರದಲ್ಲಿ ಐದು ಪಾಲಿಗೆ ಏರುತ್ತದೆ, ಅಂದರೆ ನಮಗೆ ಬೇಕಾದ ಹತ್ತು ಲಕ್ಷದಲ್ಲಿ ಒಂದು ಪಾಲಿನ ಐದು ಸಾವಿರ ಪಟ್ಟು. ಮೇಲಾಗಿ ನೀರು ಗೋಡೆ ಬಿಡುವ ವೇಗ ಕಾಲಕ್ಕೆ ಹೆಚ್ಚುಕಡಿಮೆ ವಿಲೋಮವಾಗಿ ಇಳಿಯುತ್ತದೆ. ಒಂದು ಗಂಟೆಯಲ್ಲಿ ಮಿಲಿಬಾರಿನ ಲಕ್ಷದಲ್ಲಿ ಒಂದು ಪಾಲು ಮುಟ್ಟಿದ ಯಂತ್ರ ಹತ್ತು ಲಕ್ಷದಲ್ಲಿ ಒಂದು ಪಾಲು ಮುಟ್ಟಲು ಎರಡು ಗಂಟೆಯಲ್ಲ, ಹತ್ತು ಗಂಟೆ ತೆಗೆದುಕೊಳ್ಳುತ್ತದೆ. ಗೋಡೆಯನ್ನು ಬಿಸಿ ಮಾಡಿದರೆ ಕೆಲಸ ಬೇಗವಾಗುತ್ತದೆ, ಆದರೆ ಸಂದುಗಳನ್ನು ಮುಚ್ಚುವ ರಬ್ಬರಿನ ಒ-ರಿಂಗ್‌ಗಳಿರುವ ಹಂಚಿಕೆಯ ಯಂತ್ರದಲ್ಲಿ ಅದಕ್ಕೊಂದು ಮಿತಿಯಿದೆ.

ಇಷ್ಟು ಕಡಿಮೆ ಒತ್ತಡ ಬೇಕೇ ಎಂದು ಕೇಳುವವರಿಗೆ ಅಲ್ಯೂಮಿನಿಯಂ ಒಳ್ಳೆಯ ಉತ್ತರ. ಮಿಲಿಬಾರಿನ ಹತ್ತು ಲಕ್ಷದಲ್ಲಿ ಒಂದು ಪಾಲಿನ ಒತ್ತಡದಲ್ಲೂ, ಮಾದರಿಗೆ (ಲೋಹ ಕೂರಿಸಬೇಕಾದ ತುಣುಕಿಗೆ) ತಾಗಿದ ಅನಿಲದ ಅಣುಗಳೆಲ್ಲ ಅಂಟಿಕೊಳ್ಳುವುದಾದರೆ ಸೆಕೆಂಡೊಂದರ ಆಸುಪಾಸಿನಲ್ಲಿ ಒಂದು ಪೂರ್ಣ ಪದರವಾಗುತ್ತದೆ. ಅಲ್ಯೂಮಿನಿಯಮ್ಮನ್ನು ಸೆಕೆಂಡಿಗೆ ಕೆಲವೇ ಅಣುಪದರಗಳ ವೇಗದಲ್ಲಿ ಕೂರಿಸುತ್ತಿದ್ದರೆ ಅದು ನೀರಿನಿಂದ ಆಮ್ಲಜನಕವನ್ನು ಕಸಿದುಕೊಂಡು ಮಬ್ಬಾದ, ವಿದ್ಯುತ್ತನ್ನು ಸರಿಯಾಗಿ ಹರಿಸದ ಪದರವಾಗುತ್ತದೆ. ಚಿನ್ನ ಇಷ್ಟು ಹಟ ಹಿಡಿಯುವುದಿಲ್ಲ.

ಸರದಿಪಟ್ಟಿಯನ್ನು ಹೊಸೆಯಬೇಕಾದದ್ದು ಈ ವ್ಯತ್ಯಾಸದ ಮೇಲೆ. ಎಲ್ಲರಿಗೂ ಎರಡೆರಡು ಗಂಟೆ ಎಂದು ಹಂಚುವುದು ನ್ಯಾಯವಾಗಿ ಕಾಣುತ್ತದೆ. ವಾಸ್ತವದಲ್ಲಿ ಪ್ರತಿಯೊಬ್ಬರೂ ಬಾಗಿಲು ತೆರೆದು, ಮುಂದಿನವರ ಪಾಲಿನ ಒಣಗೋಡೆಯನ್ನು ಒದ್ದೆ ಮಾಡಿ ಹೋಗುತ್ತಾರೆ. ಅಲ್ಯೂಮಿನಿಯಂ, ಟೈಟಾನಿಯಂ ಬೇಕಾದವರು ಸಂಜೆ ಮಾದರಿಗಳನ್ನು ಇಟ್ಟು, ಇರುಳೆಲ್ಲ ಪಂಪ್ ಓಡಿಸಿ, ಬೆಳಿಗ್ಗೆ ಲೋಹ ಕೂರಿಸಲಿ. ಒಂದೇ ಲೋಹ ಬೇಕಾದ ಮೂವರು ಒಂದೇ ಬಾರಿಗೆ ಮಾದರಿಗಳನ್ನು ಜೋಡಿಸಲಿ. ಚಿನ್ನದವರು ಹಗಲಿನಲ್ಲಿ ಬರಲಿ. ಬಾಗಿಲು ತೆರೆಯುವಾಗ ಒಳಗೆ ಒಣ ಸಾರಜನಕವನ್ನೇ ಬಿಡಬೇಕು, ಕೆಲಸವಿಲ್ಲದ ದಿನವೂ ಚೇಂಬರ್ ನಿರ್ವಾತದಲ್ಲೇ ಇರಬೇಕು. ವಿದ್ಯುತ್ ಉಳಿಸುತ್ತೇವೆಂದು ಶುಕ್ರವಾರ ಸಂಜೆ ಯಂತ್ರವನ್ನು ಗಾಳಿಗೆ ತೆರೆದಿಟ್ಟು ಹೋಗುವ ಮಿತವ್ಯಯದ ಬೆಲೆಯನ್ನು ಸೋಮವಾರದವರು ತೆರುತ್ತಾರೆ.

ನಿರ್ವಹಣೆಯ ಬಹುಪಾಲು ಕೆಲಸ ಬೇಸರ ತರಿಸುವಂಥದ್ದು. ಒ-ರಿಂಗಿನ ಮೇಲೆ ಅಡ್ಡಲಾಗಿ ಬಿದ್ದ ಒಂದು ತಲೆಗೂದಲು ಸೋರಿಕೆಗೆ ಸಾಕು; ಕೈಗವಸಿಲ್ಲದೆ ಮುಟ್ಟಿದ ಬೆರಳಿನ ಜಿಡ್ಡು ದಿನಗಟ್ಟಲೆ ಆವಿಯಾಗುತ್ತಿರುತ್ತದೆ; ಹಿತ್ತಾಳೆಯ ಸ್ಕ್ರೂ ಬಿಸಿಯಾದರೆ ಅದರೊಳಗಿನ ಸತು ಹೊರಟು ಎಲ್ಲರ ಮಾದರಿಗಳ ಮೇಲೆ ಕೂರುತ್ತದೆ. ಮಳೆಗಾಲದಲ್ಲಿ ರೋಟರಿ ಪಂಪಿನ ಎಣ್ಣೆಗೆ ನೀರು ಸೇರಿ ಅದು ಬಿಳಿಚಿಕೊಂಡಾಗ, ಜರ್ಮನಿಯ ವೋಲ್ಫ್‌ಗಾಂಗ್ ಗೇಡೆ 1935ರಲ್ಲಿ ಕಂಡುಹಿಡಿದ ಗ್ಯಾಸ್ ಬ್ಯಾಲಸ್ಟ್ ಕವಾಟವನ್ನು ಸ್ವಲ್ಪ ಹೊತ್ತು ತೆರೆದಿಡಬೇಕು. ಪಂಪಿನೊಳಕ್ಕೆ ಬೇಕೆಂದೇ ತುಸು ಗಾಳಿ ಬಿಟ್ಟು, ನೀರಾವಿ ಹನಿಗಟ್ಟುವ ಮೊದಲೇ ಅದನ್ನು ಹೊರದಬ್ಬುವ ಈ ಉಪಾಯ ನನಗೆ ಬಹಳ ಇಷ್ಟ. ಒತ್ತಡ ಇಳಿಯದಿದ್ದಾಗ ಸೋರಿಕೆಯೋ ತೇವವೋ ಎಂದು ವಾದಿಸುವ ಬದಲು ಪಂಪಿನ ಕವಾಟ ಮುಚ್ಚಿ ಗೇಜನ್ನು ನೋಡಬೇಕು: ಒತ್ತಡ ಒಂದೇ ಸಮನೆ ಏರುತ್ತ ಹೋದರೆ ಸೋರಿಕೆ, ಏರಿಕೆ ಬರಬರುತ್ತ ಮಂದವಾದರೆ ಗೋಡೆಯ ನೀರು. ಪಂಪ್ ಶುರುವಾದ ಹತ್ತು ನಿಮಿಷಕ್ಕೆ ಮತ್ತು ಒಂದು ಗಂಟೆಗೆ ಒತ್ತಡವೆಷ್ಟಿತ್ತು ಎಂಬ ಎರಡು ಅಂಕಿಗಳನ್ನು ಪ್ರತಿಯೊಬ್ಬರೂ ಲಾಗ್ ಪುಸ್ತಕದಲ್ಲಿ ಬರೆದರೆ, ಕೆಡುಕು ತಲೆಯೆತ್ತುವುದು ವಾರಗಳ ಮೊದಲೇ ಕಾಣುತ್ತದೆ.

ಇನ್ನು ಆಯುಧಪೂಜೆ. ಮೈಸೂರಿನಲ್ಲಿ ಯಂತ್ರವಿರುವ ಜಾಗದಲ್ಲಿ ಪೂಜೆ ಬೇಡ ಎನ್ನುವುದು ನಡೆಯುವ ಮಾತಲ್ಲ, ಎನ್ನಬೇಕಾಗಿಯೂ ಇಲ್ಲ. ಆದರೆ ಐಎಸ್‌ಒ 5ನೇ ದರ್ಜೆಯ ಕೋಣೆಯಲ್ಲಿ ಅರ್ಧ ಮೈಕ್ರೋಮೀಟರ್ ಮತ್ತು ಅದಕ್ಕಿಂತ ದೊಡ್ಡ ಕಣಗಳು ಘನಮೀಟರಿಗೆ 3,520 ಮೀರಬಾರದು. ಒಂದು ಚಿಟಿಕೆ ಕುಂಕುಮ ಆ ಮಿತಿಯನ್ನು ಎಲ್ಲಿಗೆ ಒಯ್ಯುತ್ತದೆಂದು ಊಹಿಸಬಹುದು. ಕರ್ಪೂರವಂತೂ ಹಚ್ಚದಿದ್ದರೂ ತಾನೇ ಆವಿಯಾಗುವ ವಸ್ತು. ಕುಂಕುಮ, ಹೂವು, ನಿಂಬೆಹಣ್ಣುಗಳೆಲ್ಲ ಗೌನ್ ತೊಡುವ ಕೋಣೆಯ ಹೊರಬಾಗಿಲಿಗೆ ಸಲ್ಲಲಿ. ಒಳಗೆ ಮಾಡಬೇಕಾದದ್ದು ಬೇರೆ: ರಜೆಗೆ ಮುನ್ನ ಎಣ್ಣೆ ಬದಲಿಸಿ, ಒ-ರಿಂಗ್ ಒರೆಸಿ, ಖಾಲಿ ಚೇಂಬರನ್ನು ನಿರ್ವಾತಕ್ಕೆ ಹಚ್ಚಿ, ವಿದ್ಯುತ್ ಹೋದರೆ ಪಂಪಿನ ಎಣ್ಣೆ ಹಿಂದಕ್ಕೆ ಚೇಂಬರಿನತ್ತ ಬರದಂತೆ ತಡೆಯುವ ಕವಾಟ ತಾನಾಗಿ ಮುಚ್ಚುತ್ತದೆಯೇ ಎಂದು ಒಮ್ಮೆ ಸ್ವಿಚ್ ಆರಿಸಿ ನೋಡುವುದು. ಹಾಗೆ ದಸರಾ ರಜೆಯುದ್ದಕ್ಕೂ ಒಣಗಿದ ಚೇಂಬರಿನಲ್ಲಿ ಮೊದಲ ಸರದಿ ವರ್ಷದಲ್ಲೇ ಬೆಲೆಬಾಳುವಂಥದ್ದು. ಲೋಡ್ ಲಾಕ್ (ಚೇಂಬರಿಗೆ ಜೋಡಿಸಿದ ಪುಟ್ಟ ಮುಂಗೋಣೆ) ಇರುವ ಯಂತ್ರವಾದರೆ, ಚೇಂಬರಿನ ಬಾಗಿಲು ತೆರೆಯದೆಯೇ ಮಾದರಿಯನ್ನು ಒಳಗೆ ಕಳಿಸಬಹುದಾದ್ದರಿಂದ, ಆ ಸರದಿಯನ್ನು ಹಿರಿತನ ನೋಡದೆ ಟೈಟಾನಿಯಂ ಬೇಕಾದವರಿಗೆ ಕೊಡಬೇಕು.